ರಸ್ತೆಯ ಲೆಕ್ಕದಲ್ಲಿ ನಾವು ದ್ವೀಪವಾಸಿಗಳು

ಭಾರತಕ್ಕೆ ಮೂರು ಕಡೆ ನೀರು, ಒಂದು ಕಡೆ ನೆಲ ಅಂತ ನಾವೆಲ್ಲ ಪ್ರೈಮರಿ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಬೈಕ್ ಹತ್ತಿ ದೇಶದಾಚೆ ಹೋಗಬೇಕು ಅಂತ ಹೊರಟರೆ ಮಾತ್ರ ಆ ಪಾಠ ಅರ್ಧ ಸುಳ್ಳು ಅನ್ನಿಸುತ್ತದೆ. ನೆಲ ಇರುವುದೇನೋ ನಿಜ. ಆ ನೆಲದ ಮೇಲೆ ನಮ್ಮ ಚಕ್ರ ಉರುಳಲು ಯಾರೂ ಬಿಡುವುದಿಲ್ಲ, ಅಷ್ಟೇ.

ನಾನು ಬೆಂಗಳೂರಿನಲ್ಲಿ ದಿನವಿಡೀ ಕೋಡ್ ಬರೆಯುವವನು. ಕಾಲೇಜಿನ ಹಾಸ್ಟೆಲ್ ದಿನಗಳಿಂದ ನನಗೂ ನನ್ನ ಗೆಳೆಯನಿಗೂ ಒಂದೇ ಹುಚ್ಚು: ಬೆಂಗಳೂರಿನಿಂದ ಲಂಡನ್‌ಗೆ ಬೈಕಿನಲ್ಲಿ ಹೋಗಬೇಕು. ವಿಮಾನ ಬೇಡ, ಹಡಗು ಬೇಡ, ಪೂರ್ತಿ ರಸ್ತೆಯಲ್ಲೇ. ಇಬ್ಬರೂ ಕೆಲಸಕ್ಕೆ ಸೇರಿ, ಸಂಬಳ ಉಳಿಸಿ, ಬೈಕ್ ಕೊಂಡು, ಒಂದು ಎಕ್ಸೆಲ್ ಶೀಟ್ ತೆರೆದೆವು. ಆ ಶೀಟಿಗೆ ಈಗ ಏಳು ವರ್ಷ. ಇದನ್ನು ಬರೆಯುತ್ತಿರುವ 2025ರ ಕೊನೆಯ ಹೊತ್ತಿಗೆ ಅದು ನನಗೆ ಕಲಿಸಿದ ಸಂಗತಿ ಒಂದೇ: ಇಂಥ ಪ್ರಯಾಣದಲ್ಲಿ ಯೋಜನೆ ಹಾಕಬೇಕಾದ್ದು ದಾರಿಗಲ್ಲ, ಬಾಗಿಲುಗಳಿಗೆ.

ಇರುವುದು ಮೂರೇ ಬಾಗಿಲು

ಮ್ಯಾಪ್ ತೆಗೆದು ನೋಡಿ. ನೇಪಾಳಕ್ಕೆ ಹೋಗುವುದು ಸುಲಭ. ಆದರೆ ನೇಪಾಳದ ಆಚೆ ಇರುವುದು ಚೀನಾ ಮಾತ್ರ. ಭೂತಾನದ್ದೂ ಅದೇ ಕಥೆ. ಬಾಂಗ್ಲಾದೇಶ ಹೊಕ್ಕರೆ ಹೊರಬರಲು ಮತ್ತೆ ಭಾರತ, ಇಲ್ಲವೇ ಮ್ಯಾನ್ಮಾರ್. ಅಂದರೆ ನೆಲದ ಮೇಲೆ ನಮಗಿರುವ ನಿಜವಾದ ಹೊರಬಾಗಿಲು ಮೂರೇ: ಪಾಕಿಸ್ತಾನ, ಚೀನಾ, ಮ್ಯಾನ್ಮಾರ್.

ಮೊದಲ ಬಾಗಿಲು ಅಟ್ಟಾರಿ–ವಾಘಾ. ಅಮೃತಸರದಿಂದ ಲಾಹೋರ್‌ಗೆ ಸುಮಾರು 50 ಕಿ.ಮೀ. ಬೆಂಗಳೂರಿನಿಂದ ರಾಮನಗರಕ್ಕೆ ಬೆಳಗಿನ ಇಡ್ಲಿಗೆ ಹೋಗಿ ಬರುತ್ತೇವಲ್ಲ, ಅಷ್ಟೇ ದೂರ. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತಾಕ್ಕೆ ಒಂದು ಬಸ್ ಹೊರಟಿತ್ತು ಗೊತ್ತಾ? ‘ಇಂಡಿಯಾಮ್ಯಾನ್’ ಅಂತ ಅದರ ಹೆಸರು. ಏಪ್ರಿಲ್ 15ಕ್ಕೆ ಬಿಟ್ಟು, ಟರ್ಕಿ, ಇರಾನ್, ಪಾಕಿಸ್ತಾನ ದಾಟಿ ಜೂನ್ 5ಕ್ಕೆ ಕಲ್ಕತ್ತಾ ತಲುಪಿತು. ಟಿಕೆಟ್ ದರ 85 ಪೌಂಡ್. ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳು ಇದೇ ಸಾಲಿನಲ್ಲಿ ಗೋವಾ ತನಕ ಬಂದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, ಆ ದಾರಿ ಮುರಿಯಿತು. ನಮ್ಮ ಕಾಲಕ್ಕೆ ಅಟ್ಟಾರಿಯಲ್ಲಿ ಉಳಿದಿದ್ದು ಸಂಜೆಯ ಪರೇಡ್ ಮತ್ತು ಅಪರೂಪಕ್ಕೆ ವೀಸಾ ಸಿಕ್ಕವರ ಓಡಾಟ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಆ ಚೆಕ್‌ಪೋಸ್ಟನ್ನೂ ಮುಚ್ಚಿದರು.

ಎರಡನೆಯದು ಚೀನಾ. ಸಿಕ್ಕಿಂನ ನಾಥೂ ಲಾದಲ್ಲಿ ಕೈಲಾಸ–ಮಾನಸ ಸರೋವರದ ಯಾತ್ರಿಗಳನ್ನು ಸರ್ಕಾರದ ತಂಡದ ಜೊತೆ ಬಿಡುತ್ತಾರೆ. ಸ್ವಂತ ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ಹಾಗಾಗಿ ಬೈಕಿನವರು ಹಿಡಿಯುತ್ತಿದ್ದುದು ನೇಪಾಳದ ದಾರಿ. 2015ರ ಭೂಕಂಪದಲ್ಲಿ ಕೊಡಾರಿಯ ಹಳೇ ದಾರಿ ಹಾಳಾದ ಮೇಲೆ ಕಾಠ್ಮಂಡುವಿನ ಉತ್ತರಕ್ಕಿರುವ ರಸುವಾಗಢಿಯೇ ಗತಿಯಾಯಿತು. 2025ರ ಜುಲೈ 8ರಂದು ಲ್ಹೇಂದೆ ಹೊಳೆಗೆ ಬಂದ ಪ್ರವಾಹ ಅಲ್ಲಿನ ಗಡಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ಸೇತುವೆ ಇದ್ದಾಗಲೂ ಚೀನಾ ಸಲೀಸೇನಲ್ಲ. ಹೊರದೇಶದ ಗಾಡಿ ಒಳಗೆ ಬರಬೇಕಾದರೆ ಅಲ್ಲಿನ ಒಂದು ಏಜೆನ್ಸಿ ತಿಂಗಳುಗಳ ಮುಂಚೆಯೇ ಅನುಮತಿ ತೆಗೆಯಬೇಕು. ಯಾವ ದಿನ ಯಾವ ಊರು ಅಂತ ಮೊದಲೇ ಬರೆದುಕೊಡಬೇಕು. ಟಿಬೆಟ್‌ಗೆ ಬೇರೆ ಪರ್ಮಿಟ್. ನಮ್ಮ ಇಂಟರ್‌ನ್ಯಾಷನಲ್ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ತಾತ್ಕಾಲಿಕ ಚೀನೀ ಲೈಸೆನ್ಸ್, ತಾತ್ಕಾಲಿಕ ನಂಬರ್ ಪ್ಲೇಟ್ ಮಾಡಿಸಬೇಕು. ಗಡಿಯಿಂದ ಗಡಿಯ ತನಕ ಒಬ್ಬ ಗೈಡ್ ಜೊತೆಗೇ ಇರುತ್ತಾನೆ. ಒಬ್ಬರೇ ಭರಿಸಿದರೆ ಕೈ ಸುಡುವ ಖರ್ಚು. ಅದಕ್ಕೇ ಜನ ಗುಂಪು ಕಟ್ಟಿಕೊಂಡು ಹಂಚಿಕೊಳ್ಳುತ್ತಾರೆ. ಗುಂಪಿನಲ್ಲಿ ಒಬ್ಬನಿಗೆ ಜ್ವರ ಬಂದರೆ ಎಲ್ಲರ ತಾರೀಕೂ ಅಲುಗಾಡುತ್ತದೆ.

ಮೂರನೆಯದು ಮಣಿಪುರದ ಮೋರೆ. ಆ ಬಾಗಿಲನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೋರೆಯ ಗೇಟು

2018ರ ಆಗಸ್ಟ್‌ನಲ್ಲಿ ಭಾರತ ಮತ್ತು ಮ್ಯಾನ್ಮಾರ್ ಸೇರಿ ಮೋರೆ–ತಾಮು ಗಡಿಯನ್ನು ಪಾಸ್‌ಪೋರ್ಟ್, ವೀಸಾ ಇದ್ದವರಿಗೆ ಅಧಿಕೃತವಾಗಿ ತೆರೆದವು. ಅಲ್ಲಿಂದ ಮಂಡಾಲೆ, ಮ್ಯಾವಡಿ ದಾಟಿ ಥಾಯ್ಲೆಂಡ್‌ನ ಮೇ ಸೋಟ್‌ಗೆ ಸುಮಾರು 1,360 ಕಿ.ಮೀ. ತ್ರಿಪಕ್ಷೀಯ ಹೆದ್ದಾರಿ ಅಂತ ಅದಕ್ಕೆ ಹೆಸರು. ನಾವು ಲಂಡನ್ ದಿಕ್ಕು ಬಿಟ್ಟು ಸಿಂಗಪುರದ ದಿಕ್ಕಿಗೆ ತಿರುಗಿದ್ದು ಆಗಲೇ. ಮೊದಲು ಗೇಟು ನೋಡಿಕೊಂಡು ಬರೋಣ ಅಂತ 2019ರ ನವೆಂಬರ್‌ನಲ್ಲಿ ಗುವಾಹಟಿ, ಕೊಹಿಮಾ ದಾರಿಯಾಗಿ ಇಂಫಾಲ ತಲುಪಿದೆವು.

ಇಂಫಾಲದಿಂದ ಮೋರೆಗೆ ಸುಮಾರು 110 ಕಿ.ಮೀ. ಪಲ್ಲೆಲ್ ತನಕ ಗದ್ದೆ ಬಯಲು. ಆಮೇಲೆ ತೆಂಗನೌಪಾಲ್ ಬೆಟ್ಟ ಹತ್ತುತ್ತ ಹೋದಂತೆ ಮಂಜು, ನಡುನಡುವೆ ಸೇನೆಯ ತಪಾಸಣೆ. ಘಟ್ಟ ಇಳಿದರೆ ಸೆಖೆ ಶುರು. ಊರು ಚಿಕ್ಕದು. ಹೆಸರು ಮೋರೆಯಾದರೂ ಮುಖ ಮಾತ್ರ ಹತ್ತಾರು: ಕುಕಿ, ಮೈತೇಯಿ, ನೇಪಾಳಿ, ಪಂಜಾಬಿ, ತಮಿಳರು.

ಹೌದು, ತಮಿಳರು! ಬರ್ಮಾ ಗಡಿಯಲ್ಲಿ ದ್ರಾವಿಡ ಶೈಲಿಯ ಗೋಪುರ, ಅಂಗಾಳ ಪರಮೇಶ್ವರಿಯ ಗುಡಿ. ಪಕ್ಕದ ಬೀದಿಯಲ್ಲಿ ಇಡ್ಲಿ–ಸಾಂಬಾರ್. ಹೋಟೆಲಿನ ಯಜಮಾನರಿಗೆ ಎಪ್ಪತ್ತು ದಾಟಿತ್ತು. ನಮ್ಮ ಹರಕು ತಮಿಳು ಕೇಳಿ ನಕ್ಕು, ಎರಡೆರಡು ಇಡ್ಲಿ ಹೆಚ್ಚು ಹಾಕಿ, “ಎಲ್ಲಿಗೆ ತಂಬಿ ಹೊರಟಿರಿ?” ಅಂದರು. ಸಿಂಗಪುರ ಅಂದೆವು. ಅವರು ಗೇಟಿನ ಕಡೆ ನೋಡಿ ತಮ್ಮ ಕಥೆ ಹೇಳಿದರು.

ಬರ್ಮಾದಲ್ಲಿ 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಅಂಗಡಿ, ವ್ಯಾಪಾರ ಎಲ್ಲ ರಾಷ್ಟ್ರೀಕರಣವಾಯಿತು. ತಲೆಮಾರುಗಳಿಂದ ಅಲ್ಲಿದ್ದ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿ ಮದ್ರಾಸಿಗೆ ಬಂದರು. ಹುಟ್ಟಿ ಬೆಳೆದ ಊರು ಬರ್ಮಾ. ತಮಿಳುನಾಡು ಅವರಿಗೆ ಪರವೂರು. ನಿರಾಶ್ರಿತರ ಶಿಬಿರದಲ್ಲಿ ಮನಸ್ಸು ನಿಲ್ಲದ ಕೆಲವರು ನೆಲದ ದಾರಿಯಲ್ಲಿ ವಾಪಸ್ ಹೋಗೋಣ ಅಂತ ದೇಶದ ಈ ತುದಿಯಿಂದ ಆ ತುದಿಗೆ ಬಂದರು. ಆಚೆಯ ಸೈನಿಕರು ಒಳಗೆ ಬಿಡಲಿಲ್ಲ. ಇವತ್ತು ತೆರೆಯಬಹುದು, ನಾಳೆ ತೆರೆಯಬಹುದು ಅಂತ ಗೇಟಿನ ಈಚೆ ಗುಡಿಸಲು ಹಾಕಿಕೊಂಡರು. ಗುಡಿಸಲು ಮನೆಯಾಯಿತು, ಮನೆಗಳು ಕೇರಿಯಾದವು, ಕೇರಿಗೆ ಗುಡಿ ಬಂತು.

“ಕಾಯುತ್ತ ಕಾಯುತ್ತ ಊರೇ ಕಟ್ಟಿಬಿಟ್ಟೆವು” ಅಂದರು ಯಜಮಾನರು.

ಮರುದಿನ ಬೈಕ್‌ಗಳನ್ನು ಈಚೆಯೇ ಬಿಟ್ಟು, ಗುರುತಿನ ಚೀಟಿ ತೋರಿಸಿ, ನಡೆದುಕೊಂಡು ಆಚೆಯ ನಾಮ್ಫಲಾಂಗ್ ಸಂತೆಗೆ ಹೋಗಿ ಬಂದೆವು. ಸಂಜೆಯೊಳಗೆ ವಾಪಸಾಗಬೇಕಿತ್ತು. ನಾಲ್ಕು ಹೆಜ್ಜೆ ದಾಟಿದ್ದಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಹೋಗಿತ್ತು. ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತಿದ್ದವು. ಮುಂದಿನ ಚಳಿಗಾಲಕ್ಕೆ ಬೈಕ್ ಸಮೇತ ಬರೋಣ ಅಂತ ಮಾತಾಡಿಕೊಂಡೆವು.

ಮುಂದಿನ ಚಳಿಗಾಲದೊಳಗೆ ಕೊರೋನಾ ಬಂತು. 2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು, ದೇಶ ಅಂತರ್ಯುದ್ಧಕ್ಕೆ ಬಿತ್ತು. 2023ರ ಮೇ ತಿಂಗಳಲ್ಲಿ ಮಣಿಪುರವೇ ಹೊತ್ತಿ ಉರಿಯಿತು, ಮೋರೆಯಲ್ಲೂ ಮನೆಗಳು ಸುಟ್ಟವು. ಗಡಿಯ ಎರಡೂ ಬದಿ 16 ಕಿ.ಮೀ. ಒಳಗಿನ ಜನ ವೀಸಾ ಇಲ್ಲದೆ ಓಡಾಡುವ ಹಳೆಯ ವ್ಯವಸ್ಥೆ ಒಂದಿತ್ತು. ಅದನ್ನು ರದ್ದು ಮಾಡುವುದಾಗಿ 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೇಳಿತು. ಮೂರನೇ ಬಾಗಿಲೂ ಮುಚ್ಚಿತು. ನಾವು ಕಳೆದುಕೊಂಡಿದ್ದು ಒಂದು ರಜೆ. ಅಲ್ಲಿಯವರು ಕಳೆದುಕೊಂಡಿದ್ದನ್ನು ಅದರ ಪಕ್ಕದಲ್ಲಿ ಇಡಲು ನನಗೆ ಬಾಯಿ ಬರುವುದಿಲ್ಲ.

ಬೈಕಿನ ಪಾಸ್‌ಪೋರ್ಟ್

ಬಾಗಿಲು ತೆರೆದಿದ್ದರೂ ನಾವೊಬ್ಬರೇ ಒಳಗೆ ಹೋದರೆ ಸಾಲದಲ್ಲ, ಗಾಡಿಯೂ ಹೋಗಬೇಕು. ತಿಪಟೂರಿನ ಮನೆಯಲ್ಲಿ ಈ ವಿಷಯ ಹೇಳಿದಾಗ ಅಮ್ಮ, “ನಿನಗೆ ಪಾಸ್‌ಪೋರ್ಟ್ ಸರಿ ಕಣೋ, ಬೈಕಿಗೂ ಬೇಕಂತೇನೋ?” ಅಂತ ನಕ್ಕಿದ್ದರು. ಬೇಕಮ್ಮ, ನಿಜವಾಗಲೂ ಬೇಕು.

ಅದರ ಹೆಸರು ಕಾರ್ನೆಟ್ ದ ಪಸಾಜ್. ನೀವು ಬೈಕನ್ನು ಇನ್ನೊಂದು ದೇಶಕ್ಕೆ ಒಯ್ದರೆ ಅಲ್ಲಿನ ಕಸ್ಟಮ್ಸ್‌ನವರ ಅನುಮಾನ ಒಂದೇ: ಇವನು ಇದನ್ನು ಇಲ್ಲೇ ಮಾರಿಬಿಟ್ಟರೆ ನಮ್ಮ ಆಮದು ಸುಂಕದ ಗತಿ ಏನು? ಕಾರ್ನೆಟ್ ಅಂದರೆ ‘ವಾಪಸ್ ಒಯ್ಯುತ್ತೇನೆ, ಒಯ್ಯದಿದ್ದರೆ ಸುಂಕ ಕಟ್ಟಲು ನನ್ನ ಹಿಂದೆ ಒಂದು ಸಂಸ್ಥೆ ಇದೆ’ ಅನ್ನುವ ಮುಚ್ಚಳಿಕೆ. ನಮ್ಮಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು ಕೊಡುತ್ತವೆ. ಬೈಕಿನ ಬೆಲೆ ಎಷ್ಟು, ಯಾವ್ಯಾವ ದೇಶಕ್ಕೆ ಹೋಗುತ್ತೀರಿ ಅನ್ನುವುದರ ಮೇಲೆ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ಒಂದು ವರ್ಷ ಚಾಲ್ತಿ. ಪುಸ್ತಕದ ಒಂದೊಂದು ಹಾಳೆ ಒಂದೊಂದು ದೇಶಕ್ಕೆ: ಒಳಗೆ ಹೋಗುವಾಗ ಒಂದು ಸೀಲು, ಹೊರಗೆ ಬರುವಾಗ ಇನ್ನೊಂದು. ಎರಡನೇ ಸೀಲು ಇಲ್ಲದೆ ಬಂದರೆ ಠೇವಣಿ ವಾಪಸ್ ಬರುವುದು ಕಷ್ಟ.

‘ಸುಂಕದವನ ಮುಂದೆ ಸುಖ–ದುಃಖ ಹೇಳಿಕೊಂಡಂತೆ’ ಅನ್ನುವ ಗಾದೆ ಮಾಡಿದ ಹಿರಿಯರು ಯಾವ ಗಡಿ ನೋಡಿದ್ದರೋ ಕಾಣೆ, ಅನುಭವ ಮಾತ್ರ ಪಕ್ಕಾ. ಆ ಕೌಂಟರಿನಲ್ಲಿ ಕಥೆ ನಡೆಯುವುದಿಲ್ಲ, ಕಾಗದ ನಡೆಯುತ್ತದೆ.

ಉಳಿದ ಕಾಗದಗಳು ಇವು:

• ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್: ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಒಂದು ವರ್ಷ ಚಾಲ್ತಿ.

• ಆರ್‌ಸಿ: ನಿಮ್ಮ ಹೆಸರಿನಲ್ಲೇ ಇರಲಿ. ಸಾಲದ ಬೈಕಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಇರಲಿ.

• ಇನ್ಶೂರೆನ್ಸ್: ನಮ್ಮ ಪಾಲಿಸಿ ಚಾಲ್ತಿ ಇರುವುದು ಭಾರತದೊಳಗೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನದಂಥ ನೆರೆ ದೇಶಗಳಿಗೆ ವಿಸ್ತರಿಸಬಹುದು. ಅದರಾಚೆ ಆಯಾ ಗಡಿಯಲ್ಲಿ ಹೊಸದಾಗಿ ಕೊಳ್ಳಬೇಕು.

• ಬೈಕಿನ ಹಿಂದೆ ಭಾರತದ ಗುರುತಾದ ‘ಐ.ಎನ್.ಡಿ.’ ಅಕ್ಷರಗಳ ಸ್ಟಿಕರ್. ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಅಂಟಿಸಬೇಕು.

ಕಷ್ಟದ ಗಡಿಯಿಂದ ಹಿಂದಕ್ಕೆ ಲೆಕ್ಕ

ಆಫೀಸಿನಲ್ಲಿ ರಿಲೀಸ್ ಪ್ಲಾನ್ ಮಾಡುವಾಗ ಏನು ಮಾಡುತ್ತೇವೆ? ಯಾವುದು ನಮ್ಮ ಕೈಯಲ್ಲಿಲ್ಲವೋ ಅದರ ತಾರೀಕನ್ನು ಮೊದಲು ಹಿಡಿಯುತ್ತೇವೆ. ಇಲ್ಲೂ ಅಷ್ಟೇ. ಹೊರಡುವ ದಿನ ಗೊತ್ತು ಮಾಡಿಕೊಂಡು ಮುಂದಕ್ಕೆ ಎಣಿಸಿದರೆ ಪ್ಲಾನ್ ಕೈಕೊಡುತ್ತದೆ. ಅತಿ ಬಿಗಿಯಾದ ಗಡಿಯ ತಾರೀಕು ಹಿಡಿದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಮನೆಯ ಬಾಗಿಲಿಗೆ ಬರಬೇಕು.

ಬಿಗಿ ಅಂದರೆ ಎಂಥದ್ದು? ಚೀನಾದಲ್ಲಿ ಒಳಗೆ ಹೋಗುವ ದಿನ, ಹೊರಗೆ ಬರುವ ದಿನ ಎರಡೂ ಖಾಯಂ. ತುರ್ಕ್‌ಮೆನಿಸ್ತಾನದ ಟ್ರಾನ್ಸಿಟ್ ವೀಸಾದಲ್ಲೂ ತಾರೀಕು ಗಟ್ಟಿ. ತಡವಾದಷ್ಟು ದಿನ ನಿಮ್ಮದೇ ನಷ್ಟ. ಥಾಯ್ಲೆಂಡ್ 2016ರಿಂದ ಹೊರದೇಶದ ಗಾಡಿಗಳಿಗೆ ಮುಂಗಡ ಅನುಮತಿ ಕೇಳುತ್ತದೆ. ಷೆಂಗೆನ್ ವೀಸಾಗೆ ಹೋಗುವ ದಿನಕ್ಕಿಂತ ಆರು ತಿಂಗಳ ಮುಂಚೆ ಅರ್ಜಿ ಹಾಕುವಂತಿಲ್ಲ. ಸಿಕ್ಕರೂ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇನ್ನು ಸಡಿಲವಾದ ದೇಶಗಳೂ ಇವೆ. ಭಾರತೀಯರು ಕಝಾಕಸ್ತಾನದಲ್ಲಿ ವೀಸಾ ಇಲ್ಲದೆ ಒಂದು ಸಲಕ್ಕೆ 14 ದಿನ ಇರಬಹುದು. ಬಿಗಿಯಾದ ಎರಡು ಗಡಿಗಳ ನಡುವೆ ಇಂಥ ಸಡಿಲ ದೇಶವೊಂದನ್ನು ಇಟ್ಟುಕೊಂಡರೆ ಅದೇ ನಿಮ್ಮ ಬಫರ್. ಗಾಡಿ ಕೆಟ್ಟರೆ, ಹೊಟ್ಟೆ ಕೆಟ್ಟರೆ, ಅಲ್ಲಿ ದಿನ ಕಳೆಯಬಹುದು.

ಸಣ್ಣ ಅಕ್ಷರಗಳನ್ನೂ ಓದಬೇಕು. ಇರಾನ್ 2024ರ ಫೆಬ್ರವರಿಯಲ್ಲಿ ಭಾರತೀಯರಿಗೆ 15 ದಿನ ವೀಸಾ ಬೇಡ ಅಂದಾಗ ನನ್ನ ಗೆಳೆಯ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕುಣಿದಿದ್ದ. ಷರತ್ತು ಓದಿದರೆ, ವಿನಾಯಿತಿ ಇದ್ದದ್ದು ವಿಮಾನದಲ್ಲಿ ಇಳಿಯುವವರಿಗೆ ಮಾತ್ರ. ಬೈಕಿನಲ್ಲಿ ಬರುವವರಿಗೆ ವೀಸಾ ಬೇಕೇ ಬೇಕು. 2025ರ ನವೆಂಬರ್‌ನಲ್ಲಿ ಆ ವಿನಾಯಿತಿಯನ್ನೂ ನಿಲ್ಲಿಸಿದರು. ಅಝರ್‌ಬೈಜಾನ್ ಇನ್ನೂ ವಿಚಿತ್ರ. ಕೊರೋನಾ ಅಂತ 2020ರಲ್ಲಿ ಮುಚ್ಚಿದ ನೆಲದ ಗಡಿಯನ್ನು ಪ್ರವಾಸಿಗರಿಗೆ ಮತ್ತೆ ತೆರೆದೇ ಇಲ್ಲ, ವಿಮಾನಕ್ಕೆ ಮಾತ್ರ ಸ್ವಾಗತ. ಪಕ್ಕದಲ್ಲೇ ಟರ್ಕಿ–ಅರ್ಮೇನಿಯಾ ಗಡಿ 1993ರಿಂದ ಮುಚ್ಚಿದೆ. ಮ್ಯಾಪಿನಲ್ಲಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ದಾರಿ ಇದೆ ಅಂದುಕೊಳ್ಳಬಾರದು.

ಹಾಗಂತ ಎಲ್ಲವೂ ಮುಚ್ಚುತ್ತಲೇ ಇರುವುದಿಲ್ಲ. ಪಾಮಿರ್ ಹೆದ್ದಾರಿ ಅಂದರೆ ಬೈಕಿನವರಿಗೆ ಕಾಶಿ ಇದ್ದಹಾಗೆ. ತಜಿಕಿಸ್ತಾನದಿಂದ ಕಿರ್ಗಿಸ್ತಾನಕ್ಕೆ ನಾಲ್ಕು ಸಾವಿರ ಮೀಟರ್ ಮೀರಿದ ಕಣಿವೆಗಳ ದಾರಿ. ಎರಡು ದೇಶಗಳ ಜಗಳದಿಂದ 2021ರಲ್ಲಿ ಅವುಗಳ ನಡುವಿನ ಗಡಿ ಮುಚ್ಚಿತ್ತು. 2025ರ ಮಾರ್ಚ್ 13ರಂದು ಇಬ್ಬರು ಅಧ್ಯಕ್ಷರೂ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು, ದಾಟುವ ಜಾಗಗಳು ತೆರೆದವು. ನಮ್ಮ ಶೀಟಿನಲ್ಲಿ ಕೆಂಪಾಗಿದ್ದ ಒಂದು ಸಾಲು ಹಸಿರಾಯಿತು.

ಕಾಯುವುದೋ, ಹೊರಡುವುದೋ

ಇಲ್ಲಿ ನನಗೂ ಗೆಳೆಯನಿಗೂ ಭಿನ್ನಾಭಿಪ್ರಾಯ. ಅವನದು ಒಂದೇ ಹಟ: “ಮನೆ ಗೇಟಿನಿಂದ ಹೊರಟ ಬೈಕು ಅದೇ ಚಕ್ರದ ಮೇಲೆ ಅಲ್ಲಿಗೆ ಮುಟ್ಟಬೇಕು. ಹಡಗಿನಲ್ಲಿ ಹಾಕಿದರೆ ಅದು ಪಾರ್ಸೆಲ್ ಕಣೋ, ಪ್ರಯಾಣ ಅಲ್ಲ.” ಮಾತಿನಲ್ಲಿ ಹುರುಳಿದೆ. ಬೈಕನ್ನು ಹಡಗಿಗೆ ಹಾಕುವುದು ಅಂದರೆ ಪೆಟ್ರೋಲ್ ಬಸಿದು, ಬ್ಯಾಟರಿ ಕಳಚಿ, ಮರದ ಪೆಟ್ಟಿಗೆಯಲ್ಲಿ ಬಿಗಿಯುವುದು. ಆ ಮರಕ್ಕೂ ಹುಳ ಹೋಗುವಂತೆ ಕಾಯಿಸಿದ ಸೀಲು ಇರಬೇಕು. ಆಮೇಲೆ ನಾವು ವಿಮಾನದಲ್ಲಿ ಹೋಗಿ ಬಂದರಿನಲ್ಲಿ ಕಾಯುವುದು. ಕನಸಿನಲ್ಲಿ ಇದು ಇರಲಿಲ್ಲ, ನಿಜ.

ಆದರೆ ನನಗೀಗ ಮೂವತ್ತು. ಕಂಪನಿ ಕೊಡುವುದು ಆರು ವಾರದ ರಜೆ, ಅದೂ ಒಂದೇ ಸಲ. ಅಪ್ಪನಿಗೆ ಅರವತ್ತೈದು, ಇನ್ನು ಐದು ವರ್ಷಕ್ಕೆ ಇಷ್ಟು ನಿಶ್ಚಿಂತೆಯಿಂದ ಮನೆ ಬಿಡಲು ಆಗುತ್ತದೋ ಇಲ್ಲವೋ. ಮೂರು ಬಾಗಿಲುಗಳಲ್ಲಿ ಯಾವುದು ಯಾವಾಗ ತೆರೆಯುತ್ತದೆ ಅನ್ನುವುದು ನನ್ನ ಕೈಯಲ್ಲೂ ಇಲ್ಲ, ಅವನ ಕೈಯಲ್ಲೂ ಇಲ್ಲ. ಮೋರೆಯ ಯಜಮಾನರಿಗೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಗೇಟಿನ ಆಚೆ ಇದ್ದದ್ದು ಅವರ ಮನೆ. ನನಗೆ ಆಚೆ ಇರುವುದು ಬರೀ ಆಸೆ. ಆಸೆಗಾಗಿ ಗೇಟಿನ ಮುಂದೆ ಗುಡಿಸಲು ಹಾಕಿಕೊಂಡು ಕೂರುವುದು ಸರಿಯಲ್ಲ ಅನ್ನಿಸಿತು.

ಹಾಗಾಗಿ ನಾನು ತೆರೆದಿರುವ ಬಾಗಿಲುಗಳ ಪಟ್ಟಿ ಮಾಡಿಕೊಂಡೆ. ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲ ಸಲದವರಿಗೆ ನೇಪಾಳ. ಕಾರ್ನೆಟ್ ಬೇಡ, ಗಡಿಯಲ್ಲಿ ‘ಭನ್ಸಾರ್’ ಅನ್ನುವ ಸುಂಕ ಕಟ್ಟಿ, ಎಷ್ಟು ದಿನ ಅಂತ ಬರೆಸಿ ಚೀಟಿ ತಗೊಳ್ಳಬೇಕು. ಗಡಿ ಅಂದರೆ ಏನು, ಚೀಟಿಯ ತಾರೀಕು ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆಮೇಲೆ ಭೂತಾನ್. ಫುಂಟ್‌ಶೋಲಿಂಗ್‌ನಲ್ಲಿ ಪರ್ಮಿಟ್ ಮಾಡಿಸಿ ಮೇಲೆ ಹೋಗಬಹುದು. 2022ರ ಸೆಪ್ಟೆಂಬರ್‌ನಿಂದ ಭಾರತೀಯರು ರಾತ್ರಿಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಅದನ್ನು ಬಜೆಟ್‌ಗೆ ಸೇರಿಸಿಕೊಳ್ಳಿ.

ದೊಡ್ಡ ರಜೆ, ದೊಡ್ಡ ದುಡ್ಡು ಇದ್ದವರಿಗೆ ಸ್ವಂತ ಬೈಕನ್ನು ಹಡಗಿಗೆ ಹಾಕಿ, ರಸ್ತೆ ಎಲ್ಲಿ ಕೂಡುತ್ತದೋ ಅಲ್ಲಿಂದ ಶುರು ಮಾಡುವುದು. ಕಡಿಮೆ ರಜೆಯವರಿಗೆ ಅಲ್ಮಾಟಿ ಅಥವಾ ಬಿಷ್ಕೆಕ್‌ಗೆ ವಿಮಾನದಲ್ಲಿ ಹೋಗಿ ಅಲ್ಲೇ ಬೈಕ್ ಬಾಡಿಗೆಗೆ ಹಿಡಿಯುವುದು. ಕಾರ್ನೆಟ್ ಗೋಜಿಲ್ಲ. ಆದರೆ ಬಾಡಿಗೆ ಬೈಕನ್ನು ಪಕ್ಕದ ದೇಶಕ್ಕೆ ಒಯ್ಯಲು ಮಾಲೀಕರ ಅಧಿಕಾರ ಪತ್ರ ಬೇಕು, ದುಡ್ಡು ಕಟ್ಟುವ ಮುಂಚೆಯೇ ಕೇಳಿ. ಪಾಮಿರ್‌ಗೆ ಹೋಗುವುದಾದರೆ ತಜಿಕಿಸ್ತಾನದ ವೀಸಾ ಜೊತೆಗೆ ಗೋರ್ನೊ–ಬದಕ್ಷಾನ್ ಪ್ರಾಂತ್ಯದ ಬೇರೆ ಪರ್ಮಿಟ್ ಬೇಕು.

ಯಾವ ದಾರಿಯಾದರೂ ಹೊರಡುವ ವಾರ ಮತ್ತೊಮ್ಮೆ ಎಲ್ಲ ಗಡಿಗಳ ಸುದ್ದಿ ನೋಡಿ. ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆ, ನಮ್ಮ ವಿದೇಶಾಂಗ ಇಲಾಖೆಯ ಸಲಹೆ, ಈ ಎರಡನ್ನು ಬಿಟ್ಟು ಹಳೇ ವಿಡಿಯೊ ನಂಬಬೇಡಿ. ಎರಡು ವರ್ಷದ ಹಿಂದೆ ಯಾರೋ ಸಲೀಸಾಗಿ ದಾಟಿದ ಗೇಟು ಇವತ್ತು ಗೋಡೆಯಾಗಿರಬಹುದು.

ನಾನು ಬರುವ ಜುಲೈಗೆ ಬಿಷ್ಕೆಕ್‌ಗೆ ಟಿಕೆಟ್ ಮಾಡಿಸಿದ್ದೇನೆ. ಓಶ್ ದಾಟಿ ಪಾಮಿರ್ ಹತ್ತುವ ಆಸೆ. ಗೆಳೆಯ ಬರುವುದಿಲ್ಲ ಅಂದಿದ್ದಾನೆ. ಕೋಪವೇನಿಲ್ಲ, ನನ್ನ ವೀಸಾ ಕಾಗದಗಳನ್ನೆಲ್ಲ ಕೂತು ಜೋಡಿಸಿಕೊಟ್ಟವನು ಅವನೇ. ಎಕ್ಸೆಲ್ ಶೀಟು ಈಗ ಅವನ ಹೆಸರಿನಲ್ಲಿದೆ. ಮೋರೆ, ಅಟ್ಟಾರಿ, ರಸುವಾಗಢಿ ಮೂರೂ ಸಾಲು ಕೆಂಪಾಗಿಯೇ ಇವೆ. ಪ್ರತಿ ತಿಂಗಳು ಒಂದನೇ ತಾರೀಕು ಅವನು ಅದನ್ನು ತೆರೆದು, ಮೂರೂ ಕಡೆಯ ಸುದ್ದಿ ನೋಡಿ, ಪಕ್ಕದಲ್ಲಿ ಅಂದಿನ ದಿನಾಂಕ ಹಾಕುತ್ತಾನೆ. ಯಾವುದಾದರೂ ಒಂದು ಹಸಿರಾದ ದಿನ ಮೊದಲ ಫೋನ್ ನನಗೇ ಅಂತ ಮಾತಾಗಿದೆ.